ಪುಡಿಯಕ್ಕನ ಮನೆಯ ಬಾಗಿಲು

“ಮೆಲ್ಲಗೆ! ಬಾಗಿಲು ಮೆಲ್ಲಗೆ ಹಾಕಪ್ಪಾ!”

ಹೂವು ತಂದವನಿಗೆ ಹಾಗೆ ಹೇಳಿ, ನಡುಮನೆಯಲ್ಲಿ ಮಲಗಿಸಿದ್ದ ಹೆಂಡತಿಯ ಶವದ ಕಡೆ ನೋಡಿ ಗಂಡ ಪೆಚ್ಚಾದರು. ಇನ್ನು ಯಾರಿಗೋಸ್ಕರ ಮೆಲ್ಲಗೆ?

“ಬಿಡಿ ಭಾವ, ಅಭ್ಯಾಸ,” ಎಂದಳು ನಾದಿನಿ. “ಈ ಮನೇಲಿ ಜಗಳ ಆದ್ರೂ ಬಾಗಿಲು ಬಡಿಯೋ ಹಾಗಿರ್ಲಿಲ್ಲ. ಅಂಥ ಜಗಳಕ್ಕೆ ರುಚಿ ಎಲ್ಲಿಂದ ಬರ್ಬೇಕು!”

ಅಳುತ್ತಿದ್ದವರೂ ನಕ್ಕುಬಿಟ್ಟರು.

“ಅದ್ಸರಿ, ಅಕ್ಕನ ಆ ಶಿಷ್ಯೆ ಎಲ್ಲಿ? ಇವತ್ತೂ ಬರಬಾರ್ದಾ?”

“ನಾನೇ ಲ್ಯಾಬಿಗೆ ಕಳಿಸಿದ್ದೀನಮ್ಮ. ಅಲ್ಲಿನ ಎಲೆಕ್ಟ್ರಾನ್ ಮೈಕ್ರೋಸ್ಕೋಪು ಇವತ್ತು ಬಿಟ್ರೆ ಸದ್ಯಕ್ಕೆ ಸಿಗಲ್ವಂತೆ. ಅವಳು ಬರೋವರೆಗೂ ಎತ್ತೋದು ಬೇಡ. ಇವಳು ಮನೇಲಿರೋವಾಗ್ಲೇ ಸುದ್ದಿ ಬರ್ಲಿ.”

ಹೊರಗೆ ಗಾಡಿಯವನು ಎರಡು ಸಲ ಹಾರ್ನ್ ಮಾಡಿದ. ಗಂಡ ಕದಲಲಿಲ್ಲ.

* * *

ಮಕ್ಕಳ ಉಸಿರು ಕಟ್ಟಿಸುವ ರೋಗಾಣುವೊಂದರ ಪ್ರೋಟೀನನ್ನು ಹರಳುಗಟ್ಟಿಸಲು ವಿಜ್ಞಾನಿಯಾಗಿದ್ದ ಆ ಹೆಂಡತಿ ಆಯುಷ್ಯವನ್ನೇ ಸವೆಸಿದ್ದರು. ದೊಡ್ಡ ಹರಳು ಸಿಕ್ಕರೆ ಎಕ್ಸ್-ರೇ ಹಾಯಿಸಿ ಪ್ರೋಟೀನಿನ ಆಕಾರ ತಿಳಿಯಬಹುದು. ಆಕಾರ ತಿಳಿದರೆ ಮದ್ದು ಹುಡುಕಬಹುದು. ಲ್ಯಾಬಿನ ಓಡಾಟಕ್ಕೆ ಪ್ರೋಟೀನಿನ ಹನಿಗಳು ಅಲುಗಿ ಹರಳು ಕೆಡುತ್ತದೆಂದು ಹನಿಗಳ ತಟ್ಟೆಗಳನ್ನು ಮನೆಯ ಹಿಂದಿನ ಕೋಣೆಗೆ ತಂದಿಟ್ಟರು. ಬಡಿದರೂ ಅದುರದಂತೆ ಮನೆಯ ಬಾಗಿಲುಗಳ ಅಂಚಿಗೆಲ್ಲ ಕಂಬಳಿಪಟ್ಟಿ ಅಂಟಿಸಿದರು. ಏನು ಮಾಡಿದರೇನು, ಸಿಕ್ಕಿದ್ದು ಬರೀ ಪುಡಿ! ಜೊತೆಯವರು ‘ಪುಡಿಯಕ್ಕ’ ಎಂದೇ ಹೆಸರಿಟ್ಟರು. ಆಕೆ ನಗುತ್ತಿದ್ದರು, ಒಳಗೊಳಗೇ ನೋಯುತ್ತಿದ್ದರು.

ಕೊನೆಯ ದಿನಗಳಲ್ಲಿ ಆಕೆಯ ಆಸ್ಪತ್ರೆಯ ಮಂಚದ ಪಕ್ಕ ಕೂತು ಶಿಷ್ಯೆ ಕೇಳಿದ್ದಳು: “ಮೇಡಂ, ಆ ಪುಡಿ ಎಸೆದಿಲ್ಲ ತಾನೆ? ಅದು ಪುಟಾಣಿ ಹರಳುಗಳೇ ಇರ್ಬಹುದು. ಎಕ್ಸ್-ರೇಗೆ ಸಾಲಲ್ಲ, ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಬೇಕಾದಷ್ಟಾಯ್ತು.”

“ಅಯ್ಯೋ ಪುಣ್ಯಾತ್ಗಿತ್ತಿ! ಹಂಗಾದ್ರೆ ಇವ್ರನ್ನ ಬಾಗಿಲಿಗೋಸ್ಕರ ಬೈದಿದ್ದೆಲ್ಲ ದಂಡನಾ?” ಆಕೆ ಕೆಮ್ಮುತ್ತ ನಕ್ಕು ಗಂಡನ ಕೈ ಹಿಡಿದುಕೊಂಡರು. “ಅದು ಹರಳೇ ಆಗಿದ್ರೆ ಒಂದ್ಸಲ ಬಾಗಿಲು ಧಡ್ ಅಂತ ಹಾಕ್ಕೊಳ್ರೀ. ನಂದೇನೂ ತಕರಾರಿಲ್ಲ.”

* * *

ಶಿಷ್ಯೆ ಏದುಸಿರು ಬಿಡುತ್ತ ಬಂದಳು. ಆದರೂ ಬಾಗಿಲನ್ನು ಮೆಲ್ಲಗೇ ಹಾಕಿದಳು. ಅವಳು ಚಾಚಿದ ಫೋನಿನಲ್ಲಿ ಕಪ್ಪು ಪರದೆ. ಅದರ ತುಂಬ ಸಾಲುಸಾಲಾಗಿ ಬಿಳಿ ಚುಕ್ಕಿಗಳು.

“ಹರಳೇ ಸರ್! ಹರಳಾದ್ರೇ ಎಲೆಕ್ಟ್ರಾನು ಹೀಗೆ ಸಾಲಾಗಿ ಚುಕ್ಕಿ ಬೀಳಿಸೋದು. ನೋಡಿ, ಅಂಚಿನವರೆಗೂ ಬಂದಿವೆ. ಇನ್ನು ಲೆಕ್ಕ ಹಾಕಿ ಆಕಾರ ತೆಗೀಬಹುದು.”

ಅವರು ಕನ್ನಡಕ ಒರೆಸಿಕೊಂಡು ನೋಡಿದರು. ಫೋನನ್ನು ಹೆಂಡತಿಯ ಮುಖದ ಹತ್ತಿರ ಹಿಡಿದು, “ನೋಡೇ, ನಿನ್ನ ಪುಡಿ,” ಎಂದರು. ಆಮೇಲೆ ತಡೆಯಲಾಗದೆ ಅತ್ತರು.

ಎಲ್ಲರೂ ಸೇರಿ ಆಕೆಯನ್ನು ಹೊರಗೆ ತಂದರು. ಕೊನೆಗೆ ಹೊರಟ ಗಂಡ ಹೊಸ್ತಿಲಲ್ಲಿ ನಿಂತು, ಬಾಗಿಲಿನ ಅಂಚಿನ ಕಂಬಳಿಪಟ್ಟಿಯನ್ನು ಪರಪರನೆ ಕಿತ್ತರು. ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಎಳೆದರು.

ಧಡ್!

ಬೀದಿಯುದ್ದಕ್ಕೂ ಜನ ತಿರುಗಿ ನೋಡಿದರು. ಮನೆಯ ಕಿಟಕಿ ಗಾಜುಗಳು ಇನ್ನೂ ಅದುರುತ್ತಿದ್ದವು.