ಅಧ್ಯಕ್ಷರ ಹೆಸರಿನ ಫೋಲ್ಡರ್

ದೊಡ್ಡಬಳ್ಳಾಪುರದ ಸೀರೆ ಮಾರಾಟ ಸಂಘದಲ್ಲಿ ಅಧ್ಯಕ್ಷ ಅಪ್ಪಯ್ಯಣ್ಣನ ಹೆಸರು ಬರೆಯದ ವಸ್ತುವೇ ಇರಲಿಲ್ಲ. ಗೋಡೆ ಗಡಿಯಾರ, ಸ್ಟೀಲ್ ಬೀರು, ಕೊನೆಗೆ ನೀರಿನ ಡ್ರಮ್ಮಿನ ಮೇಲೂ ಕೆಂಪು ಬಣ್ಣದಲ್ಲಿ ಅದೇ ಹೆಸರು. ತೊಂಬತ್ತೊಂಬತ್ತರಲ್ಲಿ ಸಂಘದ ಸರ್ವರ್ ಕಂಪ್ಯೂಟರಿಗೆ ಬಿಲ್ ಹಾಕುವ ಹೊಸ ಸಾಫ್ಟ್‌ವೇರ್ ಅಳವಡಿಸಲು ಬಂದ ನವೀನ್‌ಕುಮಾರ, "ಹಳೇದ್ರ ಮೇಲೇ ಹಾಕ್ಬಾರ್ದು ಸಾರ್, ಬೇರೆ ಫೋಲ್ಡರ್ ಬೇಕು. ಏನಂತ ಹೆಸರಿಡ್ಲಿ?" ಎಂದು ಕೇಳಿದ್ದೇ ತಪ್ಪಾಯಿತು.

"ಇದೂ ಕೇಳೋ ಮಾತೇನಪ್ಪಾ?" ಎಂದು ಅಪ್ಪಯ್ಯಣ್ಣ ಮೀಸೆಯಡಿ ನಕ್ಕ. ತನ್ನ ಹೆಸರಿನ ಫೋಲ್ಡರಿಗೆ ಸಾಫ್ಟ್‌ವೇರ್ ಇಳಿದ ಮೇಲೆ ಮಾನಿಟರಿಗೆ ಹೂವಿನ ಹಾರ ಹಾಕಿಸಿ, ಎಲ್ಲರಿಗೂ ಕೇಸರಿಬಾತ್ ಹಂಚಿಸಿದ.

ಮುಂದಿನ ಚುನಾವಣೆಯಲ್ಲಿ ಅವನು ಮಣ್ಣು ಮುಕ್ಕಿದ. ಗೆದ್ದ ಚಿಕ್ಕಬೀರಪ್ಪ ಬಂದ ದಿನವೇ ಬೀರು, ಡ್ರಮ್ಮುಗಳಿಗೆಲ್ಲ ಬಣ್ಣ ಬಳಿಸಿದ. "ಇನ್ನೆಲ್ಲಾದ್ರೂ ಅವನ ಹೆಸರು ಉಳಿದೈತಾ?" ಎಂದು ವಿಚಾರಿಸಿ, ಸರ್ವರಿನಲ್ಲೂ ಇರುವುದು ತಿಳಿದು, ನವೀನ್ ಬೇಡವೆಂದು ಕೈಮುಗಿದರೂ ಕೇಳದೆ ಆ ಫೋಲ್ಡರಿಗೆ ತನ್ನ ಹೆಸರಿಡಿಸಿದ. ಹಳೇ ಹೆಸರನ್ನೇ ಹುಡುಕುತ್ತಿದ್ದ ಸಾಫ್ಟ್‌ವೇರ್ ಅಲ್ಲಿಗೇ ನಿಂತುಹೋಯಿತು. ಬಿಲ್ಲಿಲ್ಲದೆ ಸೀರೆ ಗಂಟುಗಳು ಬಾಗಿಲಲ್ಲೇ ಉಳಿದವು.

ಸುದ್ದಿ ಕೇಳಿದ ಅಪ್ಪಯ್ಯಣ್ಣ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಲೋಟ ಕೆಳಗಿಟ್ಟು ಗಂಭೀರವಾಗಿ ಹೇಳಿದ: "ನೋಡ್ರಪ್ಪಾ, ಜನಕ್ಕಿಲ್ದಿರೋ ನಿಯತ್ತು ಆ ಮಿಷನ್ನಿಗೈತೆ!"