ಕಾಲಿಗೊಂದು ದಿಕ್ಕು

ನನ್ನ ಎಡಗಾಲಿನ ಹುಣ್ಣಿಗೆ ಆರು ವರ್ಷ ವಯಸ್ಸು. ಪೀಣ್ಯದ ಗಾರ್ಮೆಂಟ್ಸಿನಲ್ಲಿ ನನ್ನದು ಚೆಕಿಂಗ್ ಕೆಲಸ, ದಿನಕ್ಕೆ ಎಂಟು ಗಂಟೆ ನಿಂತೇ ಅಂಗಿ ನೋಡಬೇಕು. ಪಾದದ ಗಂಟಿನ ಮೇಲೆ ಮೊದಲು ನವೆ, ಆಮೇಲೆ ಕಪ್ಪು, ಆಮೇಲೆ ಗಾಯ. ಕಂಡವರೆಲ್ಲ ವೈದ್ಯರೇ. ಹೇಳಿದ ಸೊಪ್ಪೆಲ್ಲ ಅರೆದು ಹಾಕಿದೆ, ಹುಣ್ಣು ಮಾತ್ರ ಯಾರಿಗೂ ಸೊಪ್ಪು ಹಾಕಲಿಲ್ಲ.

ಪೀಣ್ಯಕ್ಕೆ ಮೆಟ್ರೊ ಬಂದ ವರ್ಷ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಕೀವು ಮೂಳೆಯನ್ನೂ ತಿಂದಿತ್ತು. ಬಿಜಾಪುರದ ಕಡೆಯ ಡಾಕ್ಟರ್ ಮಹಾನಂದಾ ಕೆಟ್ಟ ಮೂಳೆ ಕೆರೆದು ತೆಗೆದರು, ಆರು ವಾರಕ್ಕೆ ಮಾತ್ರೆ ಬರೆದರು, ಕೆಲಸಕ್ಕೆ ರಜೆ ಹಾಕಿಸಿದರು. ಪಾದದಲ್ಲಿ ನಾಡಿ ಸರಿಯಾಗಿದೆಯೇ ಎಂದು ನೋಡಿ ಬಿಗಿಯಾಗಿ ಪಟ್ಟಿ ಸುತ್ತಿದರು.

“ಗುಳಿಗಿ ಕೊಡೂದು ನನ್ನ ಕೆಲಸ, ಕಾಲು ಎತ್ತೂದು ನಿಮ್ಮ ಕೆಲಸ. ರಕ್ತ ಕಾಲಾಗ ನಿಂತ್ರ ಹುಣ್ಣು ಮುಚ್ಚೂದಿಲ್ರಿ. ಮಲ್ಕೊಂಡು ಎದಿಗಿಂತ ಮ್ಯಾಲ ಇಡ್ರಿ. ಆರು ವಾರದಾಗ ಸುಧಾರಿಸಲಿಲ್ಲಂದ್ರ ಕಾಲು ತೆಗಿಯೋ ಮಾತು ಬರತೈತಿ.”

ಕಾಲೆತ್ತುವುದೇನು ಬ್ರಹ್ಮವಿದ್ಯೆಯೇ? ಆದರೆ ಯಾವ ಕಡೆಗೆ ಎತ್ತುವುದು? ದಾಸರಹಳ್ಳಿಯಲ್ಲಿ ನಮ್ಮ ಮನೆಯೆಂದರೆ ಒಂದೇ ರೂಮು. ಪೂರ್ವದ ಗೋಡೆಯಲ್ಲಿ ದೇವರ ಫೋಟೊಗಳು. ಪಶ್ಚಿಮಕ್ಕೆ ಒಲೆ. ದಕ್ಷಿಣಕ್ಕೆ ಕಾಲು ಚಾಚಿದರೆ ತಲೆ ಉತ್ತರಕ್ಕೆ ಬರುತ್ತದೆ, ಹಾಗೆ ಮಲಗಿಸುವುದು ಹೆಣವನ್ನು. ಉಳಿದದ್ದು ಉತ್ತರ. ಅಲ್ಲಿ, ಬಾಗಿಲ ಪಕ್ಕದಲ್ಲಿ, ನಮ್ಮತ್ತೆ ಚನ್ನಕ್ಕ. ಮಂಡಿ ಹಿಡಿದು ಹೋದ ಎಂಬತ್ತರ ಮುದುಕಿ. ಬೆಳಗಿನಿಂದ ಸಂಜೆಯವರೆಗೆ ಅಲ್ಲೇ ಗೋಡೆಗೆ ಬೆನ್ನು ಕೊಟ್ಟು ಕೂತು, ಕತ್ತು ಹೊರಳಿಸಿ ಬೀದಿ ನೋಡುವುದೇ ಅವರ ಜೀವ. ಆ ಮುಖಕ್ಕೆ ನೇರವಾಗಿ ಕಾಲೆತ್ತಲು ನನಗೇನು ಬುದ್ಧಿ ಕೆಟ್ಟಿದೆಯೇ?

ಅವರು ತೂಕಡಿಸಿದಾಗ ಎತ್ತುವುದು, ಕೆಮ್ಮಿದರೆ ಇಳಿಸುವುದು. ಹೀಗೆ ಮೂರು ವಾರ ಕಳ್ಳಾಟ ನಡೆಯಿತು.

ಮೂರನೆಯ ವಾರ ಡಾಕ್ಟರು ಪಟ್ಟಿ ಬಿಚ್ಚಿ ಕಾಲನ್ನು ಬೆರಳಿನಿಂದ ಒತ್ತಿದರು. ಬಾವಿನಲ್ಲಿ ಗುಂಡಿ ಬಿತ್ತು. “ಕಾಲು ಎತ್ತೀರೇನ್ರಿ?”

“ಎತ್ತಿದ್ದೀನಿ ಮೇಡಂ.”

“ಸುಳ್ಳು ನನಗ ಹೇಳಬಹುದು, ಕಾಲಿಗೆ ಹೇಳಾಕ ಬರೂದಿಲ್ಲ. ಇನ್ನ ಮೂರೇ ವಾರ ನೋಡ್ರಿ.”

ಮನೆಗೆ ಬಂದವಳೇ ಗೋಡೆಗೊರಗಿ ಅತ್ತುಬಿಟ್ಟೆ. ಹೆದರಿಕೆ, ಅದಕ್ಕಿಂತ ಹೆಚ್ಚಾಗಿ ಸಿಟ್ಟು.

“ಯಾಕೆ ವಸಂತಿ, ಏನಂದ್ರು?” ಎಂದರು ಚನ್ನಕ್ಕ.

“ನಿಮ್ ಮುಖದ್ ಮುಂದೆ ಕಾಲೆತ್ತಕ್ಕಾಗ್ದೆ ನನ್ ಕಾಲೇ ಹೋಗುತ್ತಂತೆ!”

ಅಂದಮೇಲೆ ನಾಲಗೆ ಕಚ್ಚಿಕೊಂಡೆ. ಆ ರಾತ್ರಿ ಚನ್ನಕ್ಕ ಊಟ ಸರಿಯಾಗಿ ಮಾಡಲಿಲ್ಲ.

ಮಾರನೆಯ ಬೆಳಿಗ್ಗೆ ನಮ್ಮ ಯಜಮಾನರು ಕೆಲಸಕ್ಕೆ ಹೊರಟ ಮೇಲೆ, ಚನ್ನಕ್ಕ ಅಯ್ಯೋ ಅಪ್ಪಾ ಎನ್ನುತ್ತ ಕೂತಲ್ಲೇ ತಿರುಗಿದರು. ಮುಖ ಗೋಡೆಗೆ, ಬೆನ್ನು ನನಗೆ.

“ಬೆನ್ನಿಗೇನ್ ಕಣ್ಣೈತಾ? ಎತ್ತು.”

“ಬೀದಿ ಕಾಣಲ್ವಲ್ಲ ಅತ್ತೆ?”

“ನೀನ್ ನೋಡ್ಬುಟ್ ನಂಗ್ ಹೇಳು.”

ಮೂರು ದಿಂಬಿನ ಮೇಲೆ ಕಾಲಿಟ್ಟು ಮಲಗಿ ನಾನು ಬೀದಿ ನೋಡುವುದು, ಅವರು ಗೋಡೆಯನ್ನು ನೋಡುತ್ತ ಕೇಳುವುದು. ಯಾರು ಹೋದರು, ಯಾವ ಸೀರೆ, ಕೈಯಲ್ಲೇನಿತ್ತು? ಒಮ್ಮೆ ಬೇಜಾರಾಗಿ, ಹೋಗದವರನ್ನೂ ಹೋದರು ಎಂದೆ. “ಅವ್ಳ್ ನಿನ್ನೇನೇ ಊರಿಗೋದ್ಲು, ಬುಡು” ಎಂದರು ಚನ್ನಕ್ಕ. ಕಿವಿ ಅಷ್ಟು ಚುರುಕು! ಆದರೆ ಮಧ್ಯಾಹ್ನ ಗದ್ದಲ ನಿಂತಾಗ ಆ ಬೋಳುಗೋಡೆಯ ಎದುರಿನ ಬಗ್ಗಿದ ಬೆನ್ನು ನೋಡಿ ಯಾರಾದರೂ ಹೋಗಲಿ ಎಂದು ಬೀದಿಯನ್ನೇ ಕಾಯುತ್ತಿದ್ದೆ.

ಆರನೆಯ ವಾರ ಡಾಕ್ಟರು ಸ್ಕೇಲಿಟ್ಟು ಅಳೆದರು. ಬಾವು ಇಳಿದಿತ್ತು. ಹುಣ್ಣಿನ ಅಂಚಿನಲ್ಲಿ ಹೊಸ ಚರ್ಮ ಬರುತ್ತಿತ್ತು. “ಕಾಲು ಉಳೀತ್ರಿ. ಆದ್ರ ಪೂರ್ತಿ ಮುಚ್ಚಾಕ ಇನ್ನೂ ತಿಂಗಳುಗಟ್ಲೆ ಬೇಕು. ಪಟ್ಟಿ ಬಿಡಬ್ಯಾಡ್ರಿ, ಎತ್ತೂದೂ ಬಿಡಬ್ಯಾಡ್ರಿ.”

ಖುಷಿಯಿಂದ ಓಡಬೇಕೆನಿಸಿತು, ಕುಂಟುತ್ತಲೇ ಬಂದೆ. ಬಾಗಿಲಿನಲ್ಲೇ ಮೊದಲನೆಯ ಸುದ್ದಿ ಹೇಳಿದೆ. ಚನ್ನಕ್ಕನ ಹೆಗಲು ಸಡಿಲವಾಯಿತು. ಎರಡನೆಯದಕ್ಕೆ ಒಳಗೆ ಬಂದು ಕೂತೆ. “ಇನ್ನೂ ತಿಂಗಳುಗಟ್ಲೆ ಎತ್ಬೇಕಂತೆ, ಅತ್ತೆ” ಎಂದೆ.

ಮುದುಕಿ ನೆಲಕ್ಕೆ ಕೈಯೂರಿ, ಉಸ್ಸಪ್ಪಾ ಎನ್ನುತ್ತ ಪೂರ್ತಿ ನನ್ನ ಕಡೆ ತಿರುಗಿ ಕೂತರು. ತಾವೇ ದಿಂಬು ಎಳೆದು ಒಂದರ ಮೇಲೊಂದು ಪೇರಿಸಿದರು. ನಾನು ಹಿಂದೆಮುಂದೆ ನೋಡಿದೆ.

“ಎತ್ತೇ” ಎಂದರು. “ಗೋಡೆ ನೋಡಿ ನೋಡಿ ಸಾಕಾಯ್ತು. ಅದುಕ್ಕಿಂತ ನಿನ್ ಕಾಲೇ ವಾಸಿ.”