ಪಂಚಮಿಗೆ ಬಂದ ಮಾದೇವಿ ಯಾಕ ಜೋಕಾಲಿ ಬ್ಯಾಡ ಅಂದ್ಲು?

ಪಂಚಮಿಗೆ ತವರಿಗೆ ಬಂದ ಮಗಳು ಜೋಕಾಲಿ ಬ್ಯಾಡ ಅಂದ್ರ ಊರಿಗೆ ಊರೇ ತಲಿ ಕೆಡಿಸ್ಕೊಳ್ಳತೈತಿ. ಎಂಬತ್ತಾರನೇ ಇಸವಿಯಾಗ ಯರಗುಪ್ಪಿಯೊಳಗೂ ಹಿಂಗ ಆತು. ಅನ್ನವ್ವ, ಈರಬಸಪ್ಪ ಗಂಡಹೆಂಡ್ತಿ ಮಗಳು ಮಾದೇವಿ ಗುಡಗೇರಿಯಿಂದ, ಗಂಡನ ಮನಿಯಿಂದ ಬಂದಿದ್ಲು. ಬಂದಾಕಿ ಮೂಲಿ ಹಿಡದು ಕುಂತ್ಲು. ಶೇಂಗಾ ಉಂಡಿ ಕೈಯಾಗ ಕೊಟ್ರ ಕೈಯಾಗ ಉಳೀತು.

ಯಾಕಿರಬೇಕು? ಓಣಿ ಹೆಂಗಸರಿಗೆ ಇಂಥಾದ್ದು ತಿಳೀದಿದ್ರ ತಿಂದ ರೊಟ್ಟಿ ಕರಗೂದಿಲ್ಲ. "ಅತ್ತಿ ಕಾಟ ಇರಬೇಕು," ಅಂದ್ಲು ಒಬ್ಬಾಕಿ. "ಸೀರಿ ಬಣ್ಣ ಮನಸಿಗೆ ಬಂದಿಲ್ಲ ತಗೋ," ಅಂದ್ಲು ಇನ್ನೊಬ್ಬಾಕಿ. "ಗಾಳಿ ಬಡದೈತಿ, ದಾರ ಕಟ್ಟಸ್ರಿ," ಅಂದ್ಲು ಮತ್ತೊಬ್ಬಾಕಿ. ಎಲ್ಲಾರೂ ಒಬ್ಬರನ್ನೊಬ್ಬರು ಕೇಳಿದ್ರು. ಮಾದೇವಿನ್ನ ಮಾತ್ರ ಒಬ್ರೂ ಕೇಳಲಿಲ್ಲ ನೋಡ್ರಿ!

ಅನ್ನವ್ವಗ ಒಂದ ಚಿಂತಿ, ಹಬ್ಬದಾಗ ಮನಿಮಗಳು ಕಣ್ಣೀರು ಹಾಕಬಾರದು. "ಏಳವಾ, ಮಾರಿ ತೊಳಕೊ. ನಾಕ ಮನಿ ತಿರಗ್ಯಾಡಿದ್ರ ಮನಸು ಹಗರ ಆಗತೈತಿ," ಅಂತ ಹೊಸ ಸೀರಿ ಉಡಿಸಿ ಮನಿ ಮನಿ ತಿರಗಿಸಿದ್ಲು. ಹೋದಲ್ಲೆಲ್ಲಾ ನಗಬೇಕಲ್ಲ, ನಕ್ಕು ನಕ್ಕು ಹುಡುಗಿ ಇನ್ನಷ್ಟು ಸೋತು ಬಂದ್ಲು.

ಮರುದಿನ ಹಾಲೆರಿಯೂದು. ನಮ್ಮ ಕಡೆ ಪದ್ಧತಿ ನಿಮಗ ಗೊತ್ತ ಐತಿ, ನಾಗಪ್ಪಗ ಹಾಲು ಹಾಕುವಾಗ ಒಬ್ಬೊಬ್ಬರ ಪಾಲು ಹೇಳಿ ಹಾಕಬೇಕು. "ಅಪ್ಪನ ಪಾಲು, ಅವ್ವನ ಪಾಲು, ಗಂಡನ ಪಾಲು," ಅಂದ ಮಾದೇವಿ "ಕೂಸಿನ ಪಾಲು," ಅಂದು ತನ್ನ ಕೈ ತಡದ್ಲು. ಯುಗಾದಿ ಸುತ್ತ ಆಕಿಗೆ ಹುಟ್ಟಿದ ಗಂಡಕೂಸು ವಾರ ತುಂಬೂದ್ರಾಗ ತೀರಿಕೊಂಡಿತ್ತು.

"ಏ, ಹಬ್ಬದಾಗ ಹೋದವರ ಸುದ್ದಿ ತಗೀಬ್ಯಾಡ!" ಅಂತ ಅನ್ನವ್ವ ಬಾಯಿ ಮುಚ್ಚಸಾಕ ಹೋದ್ಲು.

ಬಾಜು ಮನಿ ಸಾವಂತ್ರೆವ್ವ ಅಲ್ಲೇ ನಿಂತಿದ್ಲು. ಈಕಿಗೆ ಕೇಳೂ ಚಟ. ದಾರ್ಯಾಗ ಹೊಂಟವರಿಗೆ "ಎಲ್ಲಿಗೆ ಹೊಂಟೀರಿ, ಯಾಕ ಹೊಂಟೀರಿ, ಯಾವಾಗ ಬರತೀರಿ" ಅಂತ ಮೂರೂ ಕೇಳಿನ ಬಿಡಾಕಿ. "ತಡಿ ಅಕ್ಕಾ," ಅಂದ್ಲು. "ಹಾಕವಾ, ಕೂಸಿನ ಪಾಲೂ ಹಾಕು. ಅದೂ ಈ ಮನೀದ ಅಲ್ಲೇನು?"

ಮಾದೇವಿ ಹಾಲು ಹಾಕಿ ಗೊಳೋ ಅಂತ ಅತ್ಲು. ಯುಗಾದಿಯಿಂದ ತಡದಿದ್ದೆಲ್ಲಾ ಅತ್ಲು.

ಆಮ್ಯಾಲೆ ಸಾವಂತ್ರೆವ್ವ ಆಕಿನ್ನ ಒಳಗಿನ ಖೋಲ್ಯಾಗ ಕರಕೊಂಡು ಕುಂತ್ಲು. ಅನ್ನವ್ವ ಹೊರಗ ಬಾಗಲಕ್ಕ ಕಿವಿ ಹಚ್ಚಿದ್ಲು. ಏನು ಮಾತಾಡತಾವೋ ಏನೋ!

"ನಿದ್ದಿ ಬರತೈತೇನವಾ?"

"ಇಲ್ಲ ಚಿಗವ್ವ. ಬಂದ್ರೂ ಕೋಳಿ ಕೂಗೂಕಿಂತ ಮೊದಲ ಎಚ್ಚರಾಗತೈತಿ."

"ಉಂಡದ್ದು ರುಚಿ ಹತ್ತತೈತೇನು?"

"ಮಣ್ಣು ತಿಂದಂಗ ಆಗತೈತಿ."

"ಜೀವಂತ ಇರೂದ ಬ್ಯಾಡ ಅನಸತೈತೇನು?"

ಅನ್ನವ್ವ ಬಾಗಲಾ ದೂಡಿ ಒಳಗ ಬಂದ್ಲು. "ಶಿವ ಶಿವಾ! ಎಂಥಾ ಮಾತು ಕೇಳತಿ ಬೇ ಸಾವಂತ್ರಿ? ಇಲ್ಲದ್ದನ್ನ ಹುಡುಗಿ ತಲ್ಯಾಗ ತುಂಬಬ್ಯಾಡ!"

"ಕೇಳಿದ್ರ ಹೊಸದಾಗಿ ಏನೂ ಹುಟ್ಟೂದಿಲ್ಲಕ್ಕಾ. ಒಳಗಿದ್ದದ್ದು ಹೊರಗ ಬರತೈತಿ, ಅಷ್ಟ."

ಮಾದೇವಿ ತಲಿ ಬಗ್ಗಿಸಿದ್ಲು. "ಅನಸತೈತಿ. ನಿನ್ನಿ ಎಲ್ಲಾರ ನಗಿ ಕೇಳಿ ಭಾಳ ಅನಿಸ್ತು."

ಅನ್ನವ್ವ ಮಗಳನ್ನ ಅಪ್ಪಿಕೊಂಡು, "ನನ್ನ ಮುಂದ ಯಾಕ ಹೇಳಲಿಲ್ಲವಾ?" ಅಂದ್ಲು.

"ನೀ ಮಾರಿ ತೊಳಕೊ ಅಂದಿ. ತೊಳಕೊಂಡೆ."

ಸಾವಂತ್ರೆವ್ವ ಅಂದ್ಲು, "ಇದು ಗಾಳಿ ಅಲ್ಲ, ಸೋಗೂ ಅಲ್ಲ. ಜ್ವರದಂಗ ಇದೂ ಒಂದು ಜಡ್ಡು. ನನ್ನ ತಮ್ಮ ತಿರಕಪ್ಪಗೂ ಬಂದಿತ್ತು. ಧಾರವಾಡದಾಗ ಮನಸಿನ ಡಾಕ್ಟರು ಮಾತಾಡಿಸಿ ಗುಳಿಗಿ ಕೊಟ್ರು. ಕೂಡ್ಲೆ ಏನೂ ಗೊತ್ತಾಗಲಿಲ್ಲ, ಕೆಲವು ವಾರ ಹಿಡೀತು. ಈಗ ನನಗಿಂತ ಜಾಸ್ತಿ ಬಾಯಿ ಮಾಡತಾನ."

ಗದ್ಲ ಕೇಳಿ ಒಳಗ ಬಂದಿದ್ದ ಈರಬಸಪ್ಪ ಮಾರಿ ಗಂಟು ಹಾಕಿದ. "ಆ ದವಾಖಾನಿಗಾ? ಊರು ಹುಚ್ಚಿ ಅನ್ನೂದಿಲ್ಲೇನು? ಹಬ್ಬ ಮುಗೀಲಿ, ಅಳಿಯಾ ಬರಲಿ, ನೋಡೂಣು."

"ಎಮ್ಮಿಗೆ ಹೊಟ್ಟಿ ಉಬ್ಬಿದ್ರ ಹಬ್ಬ ಮುಗೀಲಿ ಅಂತೀರೇನ್ರಿ ಮಾಮಾ?" ಅಂದ್ಲು ಸಾವಂತ್ರೆವ್ವ.

ಈರಬಸಪ್ಪ ಮಗಳ ಮಾರಿ ನೋಡಿದ. ಬಂದಾಗಿಂದ ಆಗಷ್ಟ ಸರಿಯಾಗಿ ನೋಡಿದ್ದು. "ನಾಳೆ ಮುಂಜಾನೆ ಹುಬ್ಬಳ್ಳಿ ಬಸ್ಸು ಹಿಡದು ಧಾರವಾಡಕ್ಕ ಹೋಗೂಣು," ಅಂದ. ಅವತ್ತೆಲ್ಲಾ ಅನ್ನವ್ವ ಮಗಳ ಬಾಜೂಕಿನಿಂದ ಏಳಲಿಲ್ಲ.

ಧಾರವಾಡದ ಡಾಕ್ಟರೂ ಸಾವಂತ್ರೆವ್ವ ಕೇಳಿದ್ದನ್ನ ಕೇಳಿದ್ರು. ಗುಳಿಗಿ ಬರಕೊಟ್ರು. ಮುಂದಿನ ಸಲ ಗಂಡನ್ನೂ ಕರಸಿ ತಿಳಿಸಿ ಹೇಳಿದ್ರು. ದೀಪಾವಳಿ ಹೊತ್ತಿಗೆ ಮಾದೇವಿ ಇನ್ನೊಂದು ಹೋಳಿಗಿ ಕೇಳಿ ಹಾಕಿಸ್ಕೊಂಡ್ಲು. ಒಮ್ಮೊಮ್ಮಿ ಈಗೂ ಅಳತಾಳ. ಆದ್ರ ಒಬ್ಬಾಕಿನ ಕುಂತು ಅಳೂದಿಲ್ಲ.

ಅಕ್ಕಗೋಳ್ರ, ಅಣ್ಣಗೋಳ್ರ, ಹಬ್ಬದಾಗ ಎಲ್ಲಾರ ಮನಸೂ ಹಬ್ಬ ಮಾಡತಿರೂದಿಲ್ಲ. ವಾರಗಟ್ಟಲೆ ನಿದ್ದಿ, ಊಟ ಕೆಟ್ಟವರನ್ನ ಡಾಕ್ಟರ ಹತ್ರ ಕರಕೊಂಡು ಹೋಗ್ರಿ. ಇರೂದ ಬ್ಯಾಡ ಅಂದವರನ್ನ ಒಂಟಿ ಬಿಡಬ್ಯಾಡ್ರಿ, ಹಬ್ಬ ಮುಗೀಲಿ ಅಂತನೂ ಕಾಯಬ್ಯಾಡ್ರಿ. ನಿಮಗ ಹಂಗಾದ್ರ ನಾಚಿಕಿ ಬಿಟ್ಟು ಬಾಯಿ ಬಿಡ್ರಿ. ಇವತ್ತು ನಿಮ್ಮ ಮನಿಯಾಗ ಸುಮ್ಮ ಕುಂತವರು ಯಾರದಾರ? ಹೋಗಿ ಕೇಳ್ರಿ. ಕೇಳಿ, ಅವರು ಹೇಳೂತನಕ ಎದ್ದು ಬರಬ್ಯಾಡ್ರಿ.